ಕಿಟಕಿಯ ಹೊರಗೆ ನಿಂತವಳು

ಜಾರ್ಜ್ ಆರ್ವೆಲ್‌ನ ‘ಆನಿಮಲ್ ಫಾರ್ಮ್’ ಮತ್ತೊಮ್ಮೆ ಸಿನಿಮಾ ಆಗಿದೆ. ಆಂಡಿ ಸರ್ಕಿಸ್ ನಿರ್ದೇಶಿಸಿದ ಈ ಆನಿಮೇಷನ್ ಚಿತ್ರ 2025ರ ಜೂನ್‌ನಲ್ಲಿ ಫ್ರಾನ್ಸ್‌ನ ಆನ್ಸಿ ಚಿತ್ರೋತ್ಸವದಲ್ಲಿ ಮೊದಲ ಬಾರಿಗೆ ಪ್ರದರ್ಶನಗೊಂಡಿತು. ಮೂಲದಲ್ಲಿ ಗಂಡುಹಂದಿಯಾಗಿರುವ ಸ್ನೋಬಾಲ್‌ಗೆ ಇಲ್ಲಿ ದನಿ ಕೊಟ್ಟವರು ಲವರ್ನ್ ಕಾಕ್ಸ್, ಕಪ್ಪುವರ್ಣೀಯ ಟ್ರಾನ್ಸ್‌ಜೆಂಡರ್ ನಟಿ. ಗೊಣಗುವ ಕತ್ತೆ ಬೆಂಜಮಿನ್‌ಗೆ ಕ್ಯಾಥ್ಲೀನ್ ಟರ್ನರ್ ದನಿಯಿದೆ. ಪಕ್ಕದ ಜಮೀನಿನ ಪಿಲ್ಕಿಂಗ್ಟನ್ ಕೂಡ ಹೆಣ್ಣಾಗಿದ್ದಾಳೆ, ಆ ಪಾತ್ರ ಗ್ಲೆನ್ ಕ್ಲೋಸ್‌ರದು. ಇಂಥ ಪಾತ್ರಹಂಚಿಕೆ ಸುದ್ದಿಯಾದಾಗಲೆಲ್ಲ ಎರಡು ಬಣ ಹುಟ್ಟಿಕೊಳ್ಳುತ್ತವೆ. ಮೂಲಕೃತಿಯನ್ನು ಕೆಡಿಸಿದರು ಎಂದು ಒಂದು ಬಣ ಕೂಗಿದರೆ, ಇಷ್ಟು ದಿನ ಹೊರಗಿದ್ದವರಿಗೆ ಕೊನೆಗೂ ಜಾಗ ಸಿಕ್ಕಿತು ಎಂದು ಇನ್ನೊಂದು ಬಣ ಚಪ್ಪಾಳೆ ತಟ್ಟುತ್ತದೆ. ಇಬ್ಬರೂ ಎಣಿಸುತ್ತಿರುವುದು ತಲೆಗಳನ್ನೇ. ರಾಜಕೀಯ ಅನ್ಯೋಕ್ತಿಯೊಂದು ತೆರೆಗೆ ಬರುವಾಗ ಕೇಳಬೇಕಾದ ಪ್ರಶ್ನೆ ಬೇರೆಯಿದೆ ಎಂಬುದು ನನ್ನ ವಾದ. ಕತೆಯಲ್ಲಿ ಯಾರು ಕಾಣಿಸಿಕೊಳ್ಳುತ್ತಾರೆ ಎಂಬುದಕ್ಕಿಂತ, ನಡೆದದ್ದನ್ನು ಯಾರು ನೋಡುತ್ತಾರೆ, ಅವರಿಗೆ ಏನನ್ನು ನೋಡಲು ಬಿಡಲಾಗಿದೆ ಎಂಬುದು ಮುಖ್ಯ.

ಒಂದನ್ನು ಹೇಳಿ ಮತ್ತೊಂದನ್ನು ಮುಟ್ಟಿಸುವ ಕತೆ ಕನ್ನಡದ ಓದುಗರಿಗೆ ಹೊಸದೇನಲ್ಲ. ಚಾಲುಕ್ಯರ ಕಾಲದ ದುರ್ಗಸಿಂಹ ಹನ್ನೊಂದನೆಯ ಶತಮಾನದಲ್ಲೇ ಕನ್ನಡದಲ್ಲಿ ‘ಪಂಚತಂತ್ರ’ ಬರೆದ. ಅಲ್ಲಿ ಸಿಂಹವೆಂದರೆ ಅರಸು, ನರಿಯೆಂದರೆ ಆಸ್ಥಾನದ ಒಳಸುಳಿ ಬಲ್ಲ ಮಂತ್ರಿ ಎಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಯಜಮಾನ ಜೋನ್ಸ್‌ನನ್ನು ಓಡಿಸಿದ ಪ್ರಾಣಿಗಳ ಮೇಲೆ ಹಂದಿಗಳೇ ಯಜಮಾನರಾಗುವ ಆರ್ವೆಲ್‌ನ ಕತೆಯೂ ಅದೇ ಜಾತಿಯದು, ಆದರೆ ಅದರ ಗುರಿ ಇನ್ನೂ ಕಿರಿದು, ಇನ್ನೂ ಚೂಪು. ನೆಪೋಲಿಯನ್ ಎಂಬ ಹಂದಿ ಸ್ಟಾಲಿನ್, ಸ್ನೋಬಾಲ್ ಟ್ರಾಟ್‌ಸ್ಕಿ, ದುಡಿದು ದುಡಿದೇ ಸಾಯುವ ಬಾಕ್ಸರ್ ಎಂಬ ಕುದುರೆ ರಷ್ಯಾದ ಕಾರ್ಮಿಕ. ಅಂದರೆ ಇಲ್ಲಿನ ಪ್ರತಿ ಪಾತ್ರವೂ ಮೊದಲೇ ಒಬ್ಬರ ಪ್ರತಿನಿಧಿ. ಅದರ ಮೇಲೆ ನಟನಟಿಯರ ಲಿಂಗ, ಬಣ್ಣ, ಮಾತಿನ ಧಾಟಿ ಇನ್ನೊಂದು ಪದರ ಪ್ರಾತಿನಿಧ್ಯವಾಗಿ ಬಂದು ಕೂರುತ್ತದೆ. ಈ ಎರಡು ಪದರಗಳು ಒಂದಕ್ಕೊಂದು ಬಲ ಕೊಡಬಹುದು, ಒಂದನ್ನೊಂದು ಅಳಿಸಿಯೂ ಹಾಕಬಹುದು. ಸಾಮಾನ್ಯ ಸಾಂಸಾರಿಕ ಚಿತ್ರದಲ್ಲಿ ನಾಯಕನ ಬದಲು ನಾಯಕಿಯನ್ನು ತಂದರೆ ಕತೆ ಬದಲಾದೀತು, ಅಷ್ಟೆ. ಅನ್ಯೋಕ್ತಿಯಲ್ಲಿ ಹಾಗೆ ಮಾಡಿದರೆ ಇತಿಹಾಸದ ಮೇಲಿನ ಆಪಾದನೆಯೇ ಬದಲಾಗುತ್ತದೆ.

ಆರ್ವೆಲ್‌ಗೆ ಈ ಸೂಕ್ಷ್ಮ ಗೊತ್ತಿತ್ತು ಎನ್ನುವುದಕ್ಕೆ ಒಂದು ಚಿಕ್ಕ ತಿದ್ದುಪಡಿ ಸಾಕ್ಷಿ. ಪುಸ್ತಕ 1945ರ ಆಗಸ್ಟ್‌ನಲ್ಲಿ ಹೊರಬಂತು. ಅದೇ ವರ್ಷದ ಮಾರ್ಚ್‌ನಲ್ಲಿ, ಕರಡು ಅಚ್ಚಿನ ಹಂತದಲ್ಲಿದ್ದಾಗ, ಆತ ಪ್ರಕಾಶಕರಿಗೆ ಪತ್ರ ಬರೆದು ಒಂದು ವಾಕ್ಯ ಬದಲಿಸಲು ಹೇಳಿದ. ಶತ್ರುಗಳು ಗಾಳಿಯಂತ್ರವನ್ನು ಸ್ಫೋಟಿಸುವಾಗ ನೆಪೋಲಿಯನ್ ಸೇರಿದಂತೆ ಎಲ್ಲ ಪ್ರಾಣಿಗಳೂ ನೆಲಕ್ಕೆ ಬಿದ್ದವು ಎಂದು ಮೊದಲು ಬರೆದಿದ್ದ. ನೆಪೋಲಿಯನ್ ಒಬ್ಬನನ್ನು ಬಿಟ್ಟು ಉಳಿದವೆಲ್ಲ ಬಿದ್ದವು ಎಂದು ತಿದ್ದಿಸಿದ. ಜರ್ಮನ್ ಸೇನೆ ಹೊಸ್ತಿಲಿಗೆ ಬಂದಾಗಲೂ ಸ್ಟಾಲಿನ್ ಮಾಸ್ಕೋ ಬಿಟ್ಟು ಓಡಲಿಲ್ಲ, ಆ ಮಟ್ಟಿಗೆ ಅವನಿಗೆ ನ್ಯಾಯ ಸಲ್ಲಬೇಕು ಎಂಬುದು ಕಾರಣ. ತಾನು ಬಯಲಿಗೆಳೆಯಲು ಹೊರಟ ಸರ್ವಾಧಿಕಾರಿಯ ವಿಷಯದಲ್ಲೂ ಒಂದು ಕೂದಲೆಳೆಯ ಅನ್ಯಾಯ ಆಗಬಾರದೆಂದು ಎಚ್ಚರ ವಹಿಸಿದ ಲೇಖಕ ಈತ. ಪ್ರಾತಿನಿಧ್ಯವೆಂದರೆ ಹೊಗಳಿಕೆ ಅಲ್ಲ, ಸರಿಯಾದ ಅಳತೆ ಎಂಬ ಪಾಠ ಆ ಒಂದು ತಿದ್ದುಪಡಿಯಲ್ಲಿದೆ.

ಈ ಅಳತೆಗೋಲು ಹಿಡಿದು 1954ರ ಮೊದಲ ಚಿತ್ರವನ್ನು ನೋಡಬೇಕು. ಚಿತ್ರಮಂದಿರಗಳಲ್ಲಿ ಬಿಡುಗಡೆಯಾದ ಬ್ರಿಟನ್ನಿನ ಮೊದಲ ಪೂರ್ಣಾವಧಿ ಆನಿಮೇಷನ್ ಚಿತ್ರ ಅದು. ಅದನ್ನು ನಿರ್ದೇಶಿಸಿದವರು ದಂಪತಿ, ಹಂಗೆರಿಯಿಂದ ಬಂದು ಲಂಡನ್ನಿನಲ್ಲಿ ನೆಲೆಸಿದ್ದ ಜಾನ್ ಹಲಾಸ್ ಮತ್ತು ಇಂಗ್ಲೆಂಡಿನ ಜಾಯ್ ಬ್ಯಾಚಲರ್. ನಿರ್ದೇಶಕರ ಹೆಸರಿನಲ್ಲಿ ಒಬ್ಬ ಹೆಣ್ಣುಮಗಳು, ಒಬ್ಬ ವಲಸಿಗ. ನಿರೂಪಣೆಯ ದನಿ ಗಾರ್ಡನ್ ಹೀತ್‌ರದು, ನ್ಯೂಯಾರ್ಕ್‌ನಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ಬದುಕು ಕಟ್ಟಿಕೊಂಡ ಕಪ್ಪುವರ್ಣೀಯ ನಟ. ಇನ್ನು ಹಂದಿ, ಕುದುರೆ, ಕತ್ತೆ, ಕೋಳಿ, ಕುರಿ ಎಲ್ಲಕ್ಕೂ ದನಿ ಕೊಟ್ಟದ್ದು ಮಾರಿಸ್ ಡೆನಮ್ ಒಬ್ಬರೇ. ಇವತ್ತಿನ ಲೆಕ್ಕದಲ್ಲಿ ನೋಡಿದರೆ ತೆರೆಯ ಹಿಂದೆ ಆ ಕಾಲಕ್ಕೆ ಅಪರೂಪದ ವೈವಿಧ್ಯ, ಪ್ರಾಣಿಗಳ ಬಾಯಲ್ಲಿ ಮಾತ್ರ ಒಬ್ಬನೇ ಬಿಳಿಯ ಗಂಡಸು. ತಲೆ ಎಣಿಸುವವರು ಈ ಚಿತ್ರಕ್ಕೆ ಎಷ್ಟು ಅಂಕ ಕೊಡುತ್ತಾರೋ ತಿಳಿಯದು. ಆದರೆ ಆ ಚಿತ್ರದ ನಿಜವಾದ ಸಮಸ್ಯೆ ಈ ಎರಡೂ ಪಟ್ಟಿಯಲ್ಲಿ ಸಿಗುವುದಿಲ್ಲ. ಅದನ್ನು ಹುಡುಕಲು ದುಡ್ಡು ಎಲ್ಲಿಂದ ಬಂತು ಎಂದು ನೋಡಬೇಕು.

ದುಡ್ಡು ಬಂದದ್ದು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯಿಂದ. ಆರ್ವೆಲ್ 1950ರಲ್ಲಿ ತೀರಿಕೊಂಡ ಮೇಲೆ ಆತನ ಪತ್ನಿ ಸೋನಿಯಾರಿಂದ ಹಕ್ಕು ಪಡೆದು, ಲೂಯಿ ಡಿ ರೋಶ್‌ಮೋಂಟ್ ಎಂಬ ಅಮೆರಿಕನ್ ನಿರ್ಮಾಪಕರ ಮೂಲಕ ಹಣ ಹರಿಸಲಾಯಿತು. ಶೀತಲ ಸಮರದ ಆ ದಿನಗಳಲ್ಲಿ ಅವರಿಗೆ ಬೇಕಿದ್ದದ್ದು ಸೋವಿಯತ್ ವಿರೋಧಿ ಪ್ರಚಾರ. ಕಾದಂಬರಿಯ ಕೊನೆ ಅದಕ್ಕೆ ಒಗ್ಗುತ್ತಿರಲಿಲ್ಲ. ಮೂಲದಲ್ಲಿ ಹಂದಿಗಳು ಅಕ್ಕಪಕ್ಕದ ಜಮೀನ್ದಾರರನ್ನು ಔತಣಕ್ಕೆ ಕರೆದು ಒಂದೇ ಮೇಜಿನಲ್ಲಿ ಕುಡಿಯುತ್ತ ಇಸ್ಪೀಟು ಆಡುತ್ತವೆ. ಆಟದಲ್ಲಿ ನೆಪೋಲಿಯನ್ನೂ ಪಿಲ್ಕಿಂಗ್ಟನ್ನೂ ಒಂದೇ ಸಲಕ್ಕೆ ಇಸ್ಪೀಟ್ ಎಕ್ಕ ಇಳಿಸಿ ಜಗಳಕ್ಕೆ ಬೀಳುತ್ತಾರೆ. ಹೊರಗಿನಿಂದ ಇಣುಕುವ ಪ್ರಾಣಿಗಳಿಗೆ ಹಂದಿ ಯಾವುದು, ಮನುಷ್ಯ ಯಾರು ಎಂದು ಗುರುತು ಹತ್ತುವುದಿಲ್ಲ. 1943ರ ಟೆಹರಾನ್ ಸಮ್ಮೇಳನ, ಅಂದರೆ ಸ್ಟಾಲಿನ್, ರೂಸ್‌ವೆಲ್ಟ್, ಚರ್ಚಿಲ್ ಕೈಕುಲುಕಿದ ಗಳಿಗೆ, ಈ ದೃಶ್ಯದ ಹಿಂದಿದೆ ಎಂದು ಆರ್ವೆಲ್ ಸ್ವತಃ ಉಕ್ರೇನಿಯನ್ ಆವೃತ್ತಿಯ ಮುನ್ನುಡಿಯಲ್ಲಿ ಬರೆದಿದ್ದಾನೆ. ಬೈಗುಳ ಎರಡೂ ಕಡೆಗೆ. ಚಿತ್ರದಲ್ಲಿ ಆ ಮೇಜಿನಿಂದ ಮನುಷ್ಯರನ್ನು ಎಬ್ಬಿಸಿ ಕಳಿಸಲಾಯಿತು, ಉಳಿದದ್ದು ಹಂದಿಗಳು ಮಾತ್ರ. ಜೊತೆಗೆ ಪ್ರಾಣಿಗಳು ದಂಗೆಯೆದ್ದು ನೆಪೋಲಿಯನ್‌ನನ್ನು ಮುಗಿಸುವ ಹೊಸ ಅಂತ್ಯ ಸೇರಿತು. ಇಡೀ ಚಿತ್ರದಲ್ಲಿ ಪ್ರಾತಿನಿಧ್ಯಕ್ಕೆ ಬಿದ್ದ ದೊಡ್ಡ ಪೆಟ್ಟು ಇದೇ. ಯಾವ ವರ್ಗ ಕಟಕಟೆಯಲ್ಲಿ ನಿಲ್ಲಬೇಕಿತ್ತೋ ಆ ವರ್ಗ ಚೌಕಟ್ಟಿನಿಂದಲೇ ಮಾಯವಾಯಿತು. ಹೆಣ್ಣುಮಗಳಾಗಲಿ ವಲಸಿಗನಾಗಲಿ ಕಪ್ಪುವರ್ಣೀಯ ನಿರೂಪಕನಾಗಲಿ ಅದನ್ನು ತಡೆಯಲಾಗಲಿಲ್ಲ. ಹಾಡುವವರು ಯಾರೇ ಇರಲಿ, ತಾಳ ಹಾಕುತ್ತಿದ್ದದ್ದು ಬೇರೆಯವರು.

ಅದೇ ಕಿಟಕಿಯಲ್ಲಿ ಇನ್ನೊಂದು ಬದಲಾವಣೆಯೂ ಆಯಿತು. ಕಾದಂಬರಿಯಲ್ಲಿ ಆ ರಾತ್ರಿ ಪ್ರಾಣಿಗಳನ್ನು ಮುಂದೆ ನಿಂತು ಮನೆಯ ಕಡೆ ಕರೆದೊಯ್ಯುವವಳು ಕ್ಲೋವರ್ ಎಂಬ ಮುದಿ ಹೆಣ್ಣುಕುದುರೆ. ಹಂದಿಯ ಮುಖ ಮನುಷ್ಯನ ಮುಖವಾಗಿ ಕರಗುವುದು ಅವಳ ಮಂಜುಗಣ್ಣಿಗೇ ಕಾಣುವುದು. ಚಿತ್ರದಲ್ಲಿ ಕ್ಲೋವರ್ ಎಂಬ ಪಾತ್ರವೇ ಇಲ್ಲ, ಕಿಟಕಿಯಲ್ಲಿ ಇಣುಕುವ ಕೆಲಸ ಬೆಂಜಮಿನ್ ಕತ್ತೆಯ ಪಾಲಾಗಿದೆ. ಸಮಯ ಉಳಿಸಲು ಪಾತ್ರ ಕಡಿಮೆ ಮಾಡುವುದು ಸಿನಿಮಾದವರಿಗೆ ಅನಿವಾರ್ಯ, ನಿಜ. ಆದರೆ ಇಲ್ಲಿ ಹೋದದ್ದು ಯಾರು ನೋಡಿ. ಬೆಂಜಮಿನ್ ಯಾವ ಹಂದಿಗೂ ಕಡಿಮೆಯಿಲ್ಲದಂತೆ ಓದಬಲ್ಲ, ಮೊದಲಿನಿಂದಲೂ ಎಲ್ಲ ಬಲ್ಲ, ಬಲ್ಲದ್ದನ್ನು ಬಾಯಿಬಿಟ್ಟು ಹೇಳದ ಜಾಣ. ಕ್ಲೋವರ್ ಅಕ್ಷರಮಾಲೆಯನ್ನೆಲ್ಲ ಕಲಿತರೂ ಅಕ್ಷರ ಕೂಡಿಸಿ ಪದ ಓದಲಾಗದವಳು. ಹಂದಿಗಳು ಹಾಸಿಗೆಯ ಮೇಲೆ ಮಲಗತೊಡಗಿದಾಗ ಗೋಡೆಯ ಮೇಲಿನ ನಿಯಮ ಹೀಗಿರಲಿಲ್ಲವಲ್ಲ ಎಂದು ಅವಳಿಗೆ ಅನ್ನಿಸುತ್ತದೆ. ಮ್ಯೂರಿಯಲ್ ಎಂಬ ಆಡನ್ನು ಕರೆದು ಓದಿಸಿಕೊಳ್ಳುತ್ತಾಳೆ. ಗೋಡೆಯ ಮೇಲೆ ಬರೆದಿದೆ ಎಂದಮೇಲೆ ತನ್ನ ನೆನಪೇ ತಪ್ಪಿರಬೇಕು ಎಂದು ಸುಮ್ಮನಾಗುತ್ತಾಳೆ. ಓದಲು ಬಾರದ, ಆದರೆ ಎಲ್ಲೋ ಮೋಸ ಆಗಿದೆ ಎಂದು ಒಳಗೇ ಬಲ್ಲ ಈ ಜೀವವೇ ಆರ್ವೆಲ್ ಆರಿಸಿಕೊಂಡ ಸಾಕ್ಷಿ. ಅವಳನ್ನು ತೆಗೆದು ಜಾಣನನ್ನು ನಿಲ್ಲಿಸಿದರೆ ಕತೆ ಮೋಸಹೋದವರ ಕೈಬಿಟ್ಟು, ತಿಳಿದೂ ಸುಮ್ಮನಿದ್ದವನ ಕೈ ಸೇರುತ್ತದೆ.

ಕತೆಯ ಮೊದಲ ರಾತ್ರಿ ಹಿರಿಯ ಹಂದಿ ಮೇಜರ್ ಭಾಷಣ ಮಾಡುವಾಗ, ತಾಯಿ ಕಳೆದುಕೊಂಡ ಬಾತುಮರಿಗಳ ಸಾಲೊಂದು ಯಾರ ಕಾಲಿಗೂ ಸಿಗದ ಜಾಗ ಹುಡುಕುತ್ತ ಬರುತ್ತದೆ. ಕ್ಲೋವರ್ ತನ್ನ ದೊಡ್ಡ ಮುಂಗಾಲನ್ನು ಗೋಡೆಯಂತೆ ಬಳಸಿಟ್ಟು ಅವುಗಳಿಗೆ ನೆಲೆ ಮಾಡಿಕೊಡುತ್ತಾಳೆ. ಮುಂದೆ ನೆಪೋಲಿಯನ್‌ನ ನಾಯಿಗಳು ಅಂಗಳದಲ್ಲೇ ಪ್ರಾಣಿಗಳ ಗಂಟಲು ಸೀಳಿದ ದಿನ, ದಿಬ್ಬದ ಮೇಲೆ ಕುಳಿತ ಅವಳಿಗೆ ನೆನಪಾಗುವುದು ಅದೇ ಬಾತುಮರಿಗಳು. ಬಲವಿದ್ದವರು ಬಲವಿಲ್ಲದವರನ್ನು ಕಾಯುವುದು, ಕ್ರಾಂತಿ ಅಂದರೆ ಅವಳ ಮಟ್ಟಿಗೆ ಅಷ್ಟೇ ಆಗಿತ್ತು. ಸಿದ್ಧಾಂತವನ್ನು ಹಂದಿಗಳು ಬಾಯಿಪಾಠ ಹೇಳುತ್ತವೆ, ಅದು ನಿಜವಾಗಿ ನಡೆದದ್ದು ಕ್ಲೋವರ್‌ಳ ಮುಂಗಾಲಿನಲ್ಲಿ.

ಹಾಗೆ ನೋಡಿದರೆ ಹೆಣ್ಣಿನ ಪ್ರಶ್ನೆಯನ್ನು ಹೊರಗಿನಿಂದ ತಂದು ಈ ಕತೆಗೆ ಅಂಟಿಸುವ ಅಗತ್ಯವೇ ಇಲ್ಲ. ಹಂದಿಗಳು ಕದಿಯುವ ವಸ್ತುಗಳನ್ನು ಒಂದೊಂದಾಗಿ ತೆಗೆದುಕೊಳ್ಳಿ. ಮೊದಲ ಕಳವು ಹಸುಗಳ ಹಾಲು. ಇಡೀ ಕತೆ ದಾರಿ ತಪ್ಪುವುದು ಹಾಲು, ಸೇಬುಗಳನ್ನು ಹಂದಿಗಳು ತಮಗೇ ಇಟ್ಟುಕೊಂಡಾಗ ಎಂದು ಆರ್ವೆಲ್ 1946ರಲ್ಲಿ ಅಮೆರಿಕದ ಲೇಖಕ ಡ್ವೈಟ್ ಮೆಕ್‌ಡೊನಾಲ್ಡ್‌ಗೆ ಬರೆದ ಪತ್ರದಲ್ಲಿ ಹೇಳಿದ್ದಾನೆ. ಆಮೇಲೆ ಜೆಸ್ಸಿ, ಬ್ಲೂಬೆಲ್ ಎಂಬ ಎರಡು ಹೆಣ್ಣುನಾಯಿಗಳು ಈದ ಒಂಬತ್ತು ಮರಿಗಳು ತಾಯಿಯ ಮೊಲೆ ಬಿಟ್ಟ ಕೂಡಲೇ ನೆಪೋಲಿಯನ್ ವಶವಾಗುತ್ತವೆ, ಬೆಳೆದು ಅವನ ಕಾವಲುಪಡೆಯಾಗಿ ಹೊರಬರುತ್ತವೆ. ಬಳಿಕ ಕೋಳಿಗಳ ಮೊಟ್ಟೆಯನ್ನು ಮಾರಾಟಕ್ಕೆಂದು ಕಿತ್ತುಕೊಳ್ಳಲಾಗುತ್ತದೆ. ಹಾಲು, ಮರಿ, ಮೊಟ್ಟೆ, ಮೂರೂ ಹೆಣ್ಣುಜೀವದ ಒಡಲಿನಿಂದ ಬಂದವು. ಜೋನ್ಸ್‌ನನ್ನು ಓಡಿಸಿದ ಮೇಲೆ ಆ ಜಮೀನಿನಲ್ಲಿ ನಡೆಯುವ ಮೊದಲ ಪ್ರತಿಭಟನೆಯೂ ಹೆಣ್ಣುಗಳದೇ. ಮೂರು ಎಳೆಯ ಹೇಂಟೆಗಳ ಮುಂದಾಳತ್ವದಲ್ಲಿ ಕೋಳಿಗಳು ತೊಲೆಗಳ ಮೇಲೆ ಹಾರಿ ಕುಳಿತು ಅಲ್ಲಿಂದಲೇ ಮೊಟ್ಟೆಯಿಟ್ಟು ನೆಲಕ್ಕೆ ಬೀಳಿಸಿ ಒಡೆಯುತ್ತವೆ. ನೆಪೋಲಿಯನ್ ಅವುಗಳ ಕಾಳು ನಿಲ್ಲಿಸುತ್ತಾನೆ. ಐದು ದಿನ ತಡೆದುಕೊಳ್ಳುತ್ತವೆ, ಒಂಬತ್ತು ಕೋಳಿಗಳು ಸಾಯುತ್ತವೆ, ಉಳಿದವು ಸೋತು ಗೂಡಿಗೆ ಮರಳುತ್ತವೆ. ಮುಂದೆ ನಿಂತಿದ್ದ ಮೂರೂ ಆಮೇಲೆ ನಾಯಿಗಳ ಬಾಯಿಗೆ ಬೀಳುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದ ಕತೆಯಲ್ಲಿ ಮೇಯಲ್ಪಟ್ಟದ್ದು ಯಾರ ಹೊಲ ಎಂಬುದನ್ನು ಆರ್ವೆಲ್ ಮರೆಮಾಚಿಲ್ಲ. ಪ್ರಾತಿನಿಧ್ಯದ ಬಗ್ಗೆ ಕಾಳಜಿಯಿರುವ ನಿರ್ದೇಶಕ ಮೊದಲು ನಿಂತು ನೋಡಬೇಕಾದದ್ದು ಈ ತೊಲೆಗಳ ಕೆಳಗೆ.

ಈ ದಿಕ್ಕಿನಲ್ಲಿ ಅರ್ಧ ದಾರಿ ನಡೆದದ್ದು 1999ರಲ್ಲಿ ಜಾನ್ ಸ್ಟೀಫನ್‌ಸನ್ ನಿರ್ದೇಶಿಸಿದ ಟೆಲಿಚಿತ್ರ. ಅದರಲ್ಲಿ ಕತೆ ಹೇಳುವವಳು ಜೆಸ್ಸಿ, ಮರಿಗಳನ್ನು ಕಳೆದುಕೊಂಡ ನಾಯಿ. ಜೂಲಿಯಾ ಆರ್ಮಂಡ್ ಅವಳ ದನಿ. ಮೂಲದಲ್ಲಿ ಎರಡು ಸಾಲಿನಲ್ಲಿ ಮುಗಿಯುವ ತಾಯಿಯೊಬ್ಬಳನ್ನು ಕಣ್ಣಾಗಿ ಇಟ್ಟುಕೊಂಡದ್ದು ಒಳ್ಳೆಯ ಆಯ್ಕೆ. ಹೊರಗಿನಿಂದ ಯಾರನ್ನೂ ತರದೆ, ಕತೆಯೊಳಗೇ ಬಾಯಿಲ್ಲದೆ ಇದ್ದವಳಿಗೆ ಅದು ಬಾಯಿ ಕೊಟ್ಟಿತು. ಆದರೆ ಸೋವಿಯತ್ ಒಕ್ಕೂಟ ಬಿದ್ದುಹೋಗಿ ಎಂಟು ವರ್ಷವಾಗಿತ್ತು, ಚಿತ್ರ ತಯಾರಿಸಿದವರಿಗೆ ಶುಭಂ ಹಾಡುವ ಆಸೆ. ನೆಪೋಲಿಯನ್‌ನ ರಾಜ್ಯ ಕುಸಿದು, ಹೊಸ ಮನುಷ್ಯ ಕುಟುಂಬವೊಂದು ಕಾರಿನಲ್ಲಿ ಬಂದಿಳಿಯುತ್ತದೆ, ಪ್ರಾಣಿಗಳಿಗೆ ಒಳ್ಳೆಯ ದಿನ ಬರುವ ಸೂಚನೆಯೊಂದಿಗೆ ಚಿತ್ರ ಮುಗಿಯುತ್ತದೆ. ಒಳ್ಳೆಯ ಯಜಮಾನ ಸಿಕ್ಕರೆ ಸಾಕು ಎಂಬ ಈ ಸಮಾಧಾನ ಆರ್ವೆಲ್‌ನದಲ್ಲ. ಹೆಣ್ಣಿಗೆ ನೋಡುವ ಹಕ್ಕು ಕೊಟ್ಟರು, ಅವಳು ಕೊನೆಗೆ ನೋಡಬೇಕಾದ್ದನ್ನು ಬೇರೆಯವರು ನಿರ್ಧರಿಸಿದರು.

ಈಗ ಹೊಸ ಚಿತ್ರದ ಸ್ನೋಬಾಲ್‌ಗೆ ಬರೋಣ. ಇಲ್ಲಿ ಲಾಭ ನಷ್ಟ ಎರಡನ್ನೂ ತೂಗಬೇಕು. ಗಡಿಪಾರಾದ ಮೇಲೆ ಸ್ನೋಬಾಲ್ ಕತೆಯಲ್ಲಿ ಒಂದು ಪಾತ್ರವಾಗಿ ಉಳಿಯುವುದಿಲ್ಲ, ಒಂದು ಗುಮ್ಮನಾಗಿ ಉಳಿಯುತ್ತಾನೆ. ಕಿಟಕಿಯ ಗಾಜು ಒಡೆದರೂ, ಉಗ್ರಾಣದ ಕೀಲಿಕೈ ಕಳೆದರೂ ಅವನದೇ ಕೈವಾಡ. ಇಲ್ಲದವರ ಮೇಲೆ ಎಲ್ಲ ಕೇಡನ್ನೂ ಹೊರಿಸಿ ಇರುವವರನ್ನು ಹೆದರಿಸುವ ಈ ಹಳೆಯ ತಂತ್ರ ಇಂದು ಟ್ರಾನ್ಸ್ ಸಮುದಾಯದ ವಿರುದ್ಧವೂ, ವಲಸಿಗರ ವಿರುದ್ಧವೂ ನಡೆಯುತ್ತಿದೆ. ಲವರ್ನ್ ಕಾಕ್ಸ್ ದನಿ ಆ ಹೊಸ ಅರ್ಥವನ್ನು ತಂತಾನೇ ಹೊತ್ತು ತರುತ್ತದೆ, ಅದು ಲಾಭ. ಆದರೆ ಮೂಲದಲ್ಲಿ ಸ್ನೋಬಾಲ್ ಮುಗ್ಧನಲ್ಲ. ಹಾಲು ಮತ್ತು ಸೇಬು ಹಂದಿಗಳಿಗೇ ಸೇರಬೇಕು ಎಂಬ ವಿಷಯ ಬಂದಾಗ, ಎಲ್ಲದಕ್ಕೂ ಕಚ್ಚಾಡುವ ನೆಪೋಲಿಯನ್ ಮತ್ತು ಸ್ನೋಬಾಲ್ ಒಮ್ಮತಕ್ಕೆ ಬರುತ್ತಾರೆ. ಟ್ರಾಟ್‌ಸ್ಕಿ ಗೆದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತು ಎಂಬ ಭ್ರಮೆಗೆ ಆರ್ವೆಲ್ ಹಾಕಿದ ಬೀಗ ಆ ಒಂದು ಒಮ್ಮತ. ನಟಿಯ ಗುರುತಿನ ಮೇಲಿನ ಗೌರವದಿಂದಲೋ ಹೆದರಿಕೆಯಿಂದಲೋ ಸ್ನೋಬಾಲ್‌ಳನ್ನು ಬರೀ ಸಂತ್ರಸ್ತೆಯಾಗಿ ಮಾಡಿಬಿಟ್ಟರೆ ಆ ಬೀಗ ಕಳಚುತ್ತದೆ. ಅವಳಿಗೂ ಹಾಲಿನ ಪಾಲು ಬೇಕೆನಿಸಬೇಕು, ಅವಳೂ ಆ ಸೇಬು ತಿನ್ನಬೇಕು. ಹೊರಗಿಟ್ಟವರನ್ನು ಒಳಗೆ ಕರೆಯುವುದೆಂದರೆ ತಪ್ಪು ಮಾಡುವ ಪಾತ್ರಗಳನ್ನೂ ಅವರಿಗೆ ಬಿಟ್ಟುಕೊಡುವುದು.

ಇದಕ್ಕೆ ಮೂರು ಆಕ್ಷೇಪಗಳು ಬರಬಹುದು. ಮೊದಲನೆಯದು, ಹಂದಿ ಕುದುರೆಗಳಿಗೆ ಎಲ್ಲಿಯ ಜನಾಂಗ, ಎಲ್ಲಿಯ ಬಣ್ಣ, ದನಿ ಯಾರದಾದರೇನು ಎಂಬುದು. ಆದರೆ ದನಿಗೆ ಊರಿದೆ, ವರ್ಗವಿದೆ, ಲಿಂಗವಿದೆ. 1941ರ ಡಿಸ್ನಿ ಚಿತ್ರ ‘ಡಂಬೊ’ದಲ್ಲಿ ಕಾಗೆಗಳ ಗುಂಪೊಂದು ಬರುತ್ತದೆ. ತಯಾರಿಕೆಯ ಹಂತದಲ್ಲಿ ಅವುಗಳ ಮುಖಂಡನಿಗೆ ಇಟ್ಟಿದ್ದ ಹೆಸರು ಜಿಮ್ ಕ್ರೋ, ಅಮೆರಿಕದ ವರ್ಣಭೇದದ ಕಾನೂನುಗಳಿಗಿದ್ದ ಹೆಸರೇ ಅದು. ಅದಕ್ಕೆ ಕಪ್ಪುಜನರ ಮಾತಿನ ಧಾಟಿಯನ್ನು ಅನುಕರಿಸಿ ದನಿ ಕೊಟ್ಟವರು ಬಿಳಿಯ ನಟ ಕ್ಲಿಫ್ ಎಡ್ವರ್ಡ್ಸ್. ಕಾಗೆಗೆ ಜನಾಂಗವಿಲ್ಲ ಎಂದು ಆ ಚಿತ್ರ ನೋಡಿದ ಕಪ್ಪು ಮಗುವಿಗೆ ಹೇಳಿ ಒಪ್ಪಿಸಲಾದೀತೇ? ಎರಡನೆಯದು, ಲೇಖಕ ಬರೆದದ್ದನ್ನು ಬದಲಿಸುವ ಹಕ್ಕು ಯಾರಿಗೂ ಇಲ್ಲ ಎಂಬ ನಿಷ್ಠೆಯ ಮಾತು. ಹಾಗೆ ಹೇಳುವವರು 1954ರ ಚಿತ್ರವನ್ನು ದಶಕಗಳ ಕಾಲ ಶಾಲಾಮಕ್ಕಳಿಗೆ ಮೂಲದ ಬದಲಿಗೆ ತೋರಿಸಿದಾಗ ಎಲ್ಲಿದ್ದರು? ಕತೆಯ ತಿರುಳನ್ನೇ ತಿರುಚಿದ ಬದಲಾವಣೆ ಕಣ್ಣಿಗೆ ಬೀಳದೆ, ಒಂದು ಹಂದಿಯ ದನಿ ಹೆಣ್ಣಾದದ್ದು ಮಾತ್ರ ಬಿದ್ದರೆ, ಅದನ್ನು ನಿಷ್ಠೆ ಎಂದು ಕರೆಯಲು ನಾಲಗೆ ಏಳುವುದಿಲ್ಲ.

ಮೂರನೆಯ ಆಕ್ಷೇಪ ಹೆಚ್ಚು ತೂಕದ್ದು. ದನಿ ಕೊಡುವುದೂ ಒಂದು ಕೆಲಸ, ಸಂಬಳ ತರುವ ಕೆಲಸ. ಅರ್ಥ ಹೊಂದುತ್ತದೆಯೇ ಎಂದು ಪ್ರತಿ ಸಲವೂ ಪರೀಕ್ಷೆ ಇಟ್ಟರೆ ಅವಕಾಶ ಸಿಗದೇ ಇದ್ದವರಿಗೆ ಮತ್ತೆ ಬಾಗಿಲು ಮುಚ್ಚಿದಂತಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಕೆಲಸದ ಹಂಚಿಕೆ ನ್ಯಾಯವಾಗಿರಬೇಕು, ಅದಕ್ಕೆ ಕಾವ್ಯಮೀಮಾಂಸೆಯ ಅಪ್ಪಣೆ ಬೇಕಿಲ್ಲ. ಒಬ್ಬನೇ ಗಂಡಸು ಇಡೀ ಹಟ್ಟಿಯ ದನಿಯಾಗುವ ಕಾಲ ಮುಗಿದದ್ದು ಒಳ್ಳೆಯದೇ. ಆದರೆ ಉದ್ಯೋಗದ ನ್ಯಾಯ ದೊರೆತ ಮಾತ್ರಕ್ಕೆ ಕತೆಯ ನ್ಯಾಯವೂ ದೊರೆಯಿತು ಎಂದು ಲೆಕ್ಕ ಮುಗಿಸಲಾಗದು. ಗಾರ್ಡನ್ ಹೀತ್‌ಗೆ ಕೆಲಸ ಸಿಕ್ಕಿತು, ಅವರು ಓದಿದ ಅಂತ್ಯ ಮಾತ್ರ ಬೇರೆಯವರು ಬರೆಸಿದ್ದಾಗಿತ್ತು. ಕಾದಂಬರಿಯ ಭಾನುವಾರದ ಸಭೆಗಳಲ್ಲೂ ಇದೇ ಕತೆ. ಎಲ್ಲ ಪ್ರಾಣಿಗಳೂ ಬರುತ್ತವೆ, ಎಲ್ಲಕ್ಕೂ ಮತವಿದೆ, ಇಲಿ ಮೊಲಗಳು ಸಂಗಾತಿಗಳು ಹೌದೋ ಅಲ್ಲವೋ ಎಂದು ಕೂಡ ಮತ ಹಾಕಿ ತೀರ್ಮಾನಿಸಿದ ಹಟ್ಟಿ ಅದು. ಆದರೆ ಠರಾವು ಮಂಡಿಸುವುದು ಹಂದಿಗಳು ಮಾತ್ರ. ಉಳಿದವುಗಳಿಗೆ ಕಾಲೆತ್ತಿ ಒಪ್ಪಿಗೆ ಕೊಡುವುದಷ್ಟೇ ಗೊತ್ತು. ಸಭೆಯಲ್ಲಿ ಎಷ್ಟು ಜಾತಿಯ ಪ್ರಾಣಿಗಳಿದ್ದವು ಎಂದು ಎಣಿಸಿದರೆ ಆ ಜಮೀನಿನಷ್ಟು ವೈವಿಧ್ಯ ಇನ್ನೆಲ್ಲೂ ಸಿಗಲಾರದು.

ಆದ್ದರಿಂದ ಮುಂದೆ ಯಾವ ದೇಶದಲ್ಲಿ ಯಾರೇ ಈ ಕತೆಯನ್ನು ತೆರೆಗೆ ತಂದರೂ, ನಟರ ಪಟ್ಟಿ ಹಿಡಿದು ಸಂಭ್ರಮಿಸುವ ಅಥವಾ ಸಿಡಿಮಿಡಿಗೊಳ್ಳುವ ಮೊದಲು ಕೊನೆಯ ದೃಶ್ಯದ ತನಕ ಕಾಯಬಹುದು. ಆ ರಾತ್ರಿ ಮನೆಯ ಹೊರಗೆ ಯಾರು ನಿಂತಿದ್ದಾರೆ? ಓದು ಬರಹ ಬಾರದೆ, ಬರೆದದ್ದನ್ನೆಲ್ಲ ನಂಬಿ ಮೋಸಹೋದ ಒಬ್ಬಳಾದರೂ ಅಲ್ಲಿದ್ದಾಳೆಯೇ? ಒಳಗಿನ ಮೇಜಿನ ಸುತ್ತ ಕುಳಿತವರಲ್ಲಿ ಯಾರನ್ನಾದರೂ ದುಡ್ಡು ಕೊಟ್ಟವರಿಗೆ ಇರುಸುಮುರುಸಾಗದಿರಲಿ ಎಂದು ಎಬ್ಬಿಸಿ ಕಳಿಸಲಾಗಿದೆಯೇ? ಅವಳೂ ಅಲ್ಲಿದ್ದು, ಮೇಜೂ ತುಂಬಿದ್ದರೆ, ಕ್ಲೋವರ್‌ಗೆ ದನಿ ಕೊಟ್ಟವರು ಯಾವ ಬಣ್ಣದವರು, ಯಾವ ಊರಿನವರು ಎಂಬುದು ಚಿತ್ರಕ್ಕೆ ಬಲವನ್ನೇ ಕೊಟ್ಟೀತು. ಅಷ್ಟಕ್ಕೂ ಆ ಕೊನೆಯ ಪುಟದಲ್ಲಿ ಕ್ಲೋವರ್ ಒಂದು ಮಾತನ್ನೂ ಆಡುವುದಿಲ್ಲ. ಅವಳ ಮಂಜುಗಣ್ಣು ಒಂದು ಮುಖದಿಂದ ಇನ್ನೊಂದು ಮುಖಕ್ಕೆ ಓಡಾಡುತ್ತದೆ, ಓದುಗನೂ ಅದರ ಬೆನ್ನಿಗೇ ಹೋಗುತ್ತಾನೆ.